ಅಂಪೈರರ ಎಣಿಕೆ ಎಲ್ಲರಿಗೂ ಕಾಣಲಿ

ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ, ಭೀಮಾ ನದಿಯ ಬ್ಯಾರೇಜಿನಿಂದ ಅನತಿದೂರದ ಬಯಲಿನಲ್ಲಿ, ಹುಡುಗರ ಕ್ರಿಕೆಟ್ ಪಂದ್ಯವೊಂದನ್ನು ನಾವು ನೋಡುತ್ತ ನಿಂತಿದ್ದೆವು. "ಐದೇ ಆಗ್ಯಾವ!" ಎಂದು ಒಂದು ಪಕ್ಷ, "ಇಲ್ಲ, ಆರು ಮುಗದಾವ!" ಎಂದು ಇನ್ನೊಂದು. ಒಂದು ಜೇಬಿನಿಂದ ಮತ್ತೊಂದಕ್ಕೆ ಹರಳುಗಳನ್ನು ದಾಟಿಸುತ್ತ ಎಣಿಸುತ್ತಿದ್ದ ಅಂಪೈರ್ ಗೊಂದಲಕ್ಕೊಳಗಾಗಿದ್ದರು. ಆಟ ಅಲ್ಲಿಗೇ ನಿಂತಿತು.

ಇದು ಹಳ್ಳಿಯ ಆಟಕ್ಕಷ್ಟೇ ಮೀಸಲಾದ ದೋಷವಲ್ಲ. 2012ರ ಫೆಬ್ರವರಿಯಲ್ಲಿ ಅಡಿಲೇಡಿನಲ್ಲಿ ನಡೆದ ಭಾರತ-ಶ್ರೀಲಂಕಾ ಏಕದಿನ ಪಂದ್ಯದಲ್ಲಿ, ಭಾರತದ ಸರದಿಯ 30ನೆಯ ಓವರು ಐದೇ ಎಸೆತಗಳಿಗೆ ಮುಗಿಯಿತು. ಪಂದ್ಯವು ಸಮವಾಗಿ ಕೊನೆಗೊಂಡಿತು. ಅಂಪೈರ್ ತಪ್ಪಾಗಿ ಎಣಿಸಿದರೂ ಅವರೆಣಿಸಿದ ಓವರೇ ಸಿಂಧುವೆಂದು ನಿಯಮ ಹೇಳುತ್ತದೆ. ಆದುದರಿಂದ ತಪ್ಪನ್ನು ಆಗುವ ಮೊದಲೇ ತಡೆಯಬೇಕು.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಇದಕ್ಕೊಂದು ಮಾರ್ಗವಿದೆ. ಅಲ್ಲಿ ದಾಂಡಿಗನ ಹಿಂದೆ ನಿಲ್ಲುವ ಅಂಪೈರ್, 'ಬಾಲ್'ಗಳ ಸಂಖ್ಯೆಯನ್ನು ಎಡಗೈ ಬೆರಳುಗಳಿಂದಲೂ 'ಸ್ಟ್ರೈಕ್'ಗಳ ಸಂಖ್ಯೆಯನ್ನು ಬಲಗೈ ಬೆರಳುಗಳಿಂದಲೂ ಎತ್ತಿ ತೋರಿಸುತ್ತಾರೆ. ನಾಲ್ಕು ಬಾಲ್‌ಗಳಾದರೆ ದಾಂಡಿಗನಿಗೆ ಮೊದಲ ನೆಲೆ ದೊರೆಯುತ್ತದೆ; ಮೂರು ಸ್ಟ್ರೈಕ್‌ಗಳಾದರೆ ಅವನು ಔಟ್. 1888ರಿಂದ 1902ರವರೆಗೆ ಅಲ್ಲಿನ ಪ್ರಮುಖ ಲೀಗುಗಳಲ್ಲಿ ಆಡಿದ ವಿಲಿಯಂ ಹಾಯ್ ಕಿವುಡರಾಗಿದ್ದರು. ಅವರಿಗೆ ಕೂಗಿಗಿಂತ ಕೈಸನ್ನೆಯೇ ಆಧಾರ.

ಕಿವಿ ಕೇಳುವವರಿಗೂ ಬಯಲಿನಲ್ಲಿ ಸನ್ನೆಯೇ ಮೇಲು. ದೂರ ಇಮ್ಮಡಿಯಾದರೆ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಗಾಳಿಯೂ ಪ್ರೇಕ್ಷಕರ ಗದ್ದಲವೂ ಉಳಿದುದನ್ನು ನುಂಗುತ್ತವೆ. ಎತ್ತಿದ ಬೆರಳಿಗೆ ಈ ತೊಡಕುಗಳಿಲ್ಲ.

ಇನ್ನೊಂದು ಲಾಭವನ್ನು ಗಣಿತ ತಿಳಿಸುತ್ತದೆ. ಒಬ್ಬನು ನೂರು ಓವರುಗಳಿಗೆ ಒಮ್ಮೆ ತಪ್ಪುವನೆಂದು ಭಾವಿಸೋಣ. ಅಷ್ಟೇ ಎಚ್ಚರವುಳ್ಳ ಇನ್ನೊಬ್ಬನು ಸ್ವತಂತ್ರವಾಗಿ ಎಣಿಸುತ್ತಿದ್ದರೆ, ಇಬ್ಬರೂ ಒಂದೇ ಓವರಿನಲ್ಲಿ ತಪ್ಪುವ ಸಂಭವ ಹತ್ತು ಸಾವಿರಕ್ಕೆ ಒಂದು. ಎಣಿಕೆಯನ್ನು ತೋರಿಸಿದರೆ ಮೈದಾನದಲ್ಲಿರುವ ಯಾರಾದರೂ ಅದನ್ನು ಪರೀಕ್ಷಿಸಬಲ್ಲರು.

ಹೀಗೆ ಮಾಡಿದರೆ ಅಂಪೈರರ ಗೌರವಕ್ಕೆ ಕುಂದಾಗದೇ ಎಂದು ಕೆಲವರು ಕೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಔಟೋ ಅಲ್ಲವೋ ಎಂಬುದು ತೀರ್ಪು, ಅದು ಅವರದೇ. ಎಷ್ಟು ಎಸೆತಗಳಾದುವು ಎಂಬುದು ಅಳತೆ. ಪ್ರಯೋಗಶಾಲೆಯಲ್ಲಿ ನಾವು ಓದಿದ ಅಳತೆಯನ್ನು ಜೊತೆಗಾರನು ಮತ್ತೊಮ್ಮೆ ಓದಿ ನೋಡಿದರೆ ಅದು ಅವಮಾನವಲ್ಲವಷ್ಟೆ.

ಕ್ರಿಕೆಟ್ ನಿಯಮಗಳಲ್ಲಿ ಬೌಂಡರಿಗೂ ವೈಡಿಗೂ ಸಂಕೇತಗಳುಂಟು. ಎಸೆತಗಳ ಎಣಿಕೆಯನ್ನು ಆಟಗಾರರಿಗೆ ತೋರಿಸುವ ಸಂಕೇತವಿಲ್ಲ. ನಮ್ಮ ಸಲಹೆ ಸರಳವಾದುದು. ಪ್ರತಿ ಎಸೆತ ಮುಗಿದ ಮೇಲೆ ಅಂಪೈರ್ ಬೆರಳುಗಳನ್ನು ಎದೆಯ ಮುಂದೆ ಹಿಡಿದು ತೋರಿಸಲಿ. ತಲೆಯ ಮೇಲೆ ಎತ್ತಕೂಡದು. ಒಂದು ಬೆರಳನ್ನು ಹಾಗೆ ಎತ್ತಿದರೆ ಔಟೆಂದು ತಿಳಿದಾರು. ವೈಡ್, ನೋಬಾಲುಗಳು ಆರರ ಲೆಕ್ಕಕ್ಕೆ ಸೇರವಾದುದರಿಂದ, ಅವುಗಳಾದಾಗ ಹಿಂದಿನ ಸಂಖ್ಯೆಯನ್ನೇ ಮತ್ತೆ ತೋರಿಸಬೇಕು. ಆರನೆಯದಕ್ಕೆ 'ಓವರ್' ಎಂಬ ಕೂಗು ಇದ್ದೇ ಇದೆ. ಉಳಿದ ಐದಕ್ಕೆ ಒಂದು ಕೈ ಸಾಕು. ಖರ್ಚಿಲ್ಲದ ಈ ಪದ್ಧತಿಯನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಶಾಲೆ ಕಾಲೇಜುಗಳ ಮುಂದಿನ ಪಂದ್ಯದಲ್ಲಿಯೇ ಪರೀಕ್ಷಿಸಿ ನೋಡಲಿ.