ಪೆಟ್ರೋಲ್ ಮೇಲೆ ಗೂಬೆ ಕೂರಿಸೋ ಮುಂಚೆ

1/5
ನಮ್ಮ ಕತ್ರಿಗುಪ್ಪೆ ಪಕ್ಕ ಒಂದು ಜಂಕ್ಷನ್‌ಗೇ ಪೆಟ್ರೋಲ್ ಬಂಕ್ ಅಂತ ಹೆಸರು. "ದೇವೇಗೌಡ ಪೆಟ್ರೋಲ್ ಬಂಕ್ ಹತ್ರ ಬಾ" ಅಂದ್ರೆ ಆಟೋದವರಿಗೂ ಗೊತ್ತು, ಕಂಡಕ್ಟರ್‌ಗೂ ಗೊತ್ತು. ಆದ್ರೆ ಗಾಡಿಗೆ ಏನೇ ಆದ್ರೂ ಮೊದಲು ಬೈಸ್ಕೊಳ್ಳೋದೂ ಪೆಟ್ರೋಲೇ.

ನಮ್ಮ ಚಿಕ್ಕಪ್ಪನದ್ದು ಸೆಕೆಂಡ್ ಹ್ಯಾಂಡ್ ಕಾರು. 1 ಲೀಟರ್ ಟರ್ಬೊ, ಡೈರೆಕ್ಟ್ ಇಂಜೆಕ್ಷನ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಗಡಗಡ ನಡುಗೋದು, ಪಿಕಪ್ ಬಿದ್ದೋಗಿತ್ತು. ಒಂದು ಗ್ಯಾರೇಜಲ್ಲಿ "ಪೆಟ್ರೋಲ್ ಸರಿ ಇಲ್ಲ ಸಾರ್" ಅಂತ ಟ್ಯಾಂಕಿಗೆ ಹಾಕೋ ಕ್ಲೀನರ್ ಬಾಟಲಿ ಕೊಟ್ರು. ಒಂದಲ್ಲ, ಮೂರು ಸಲ. ಆಮೇಲೆ ದುಬಾರಿ 100 ಆಕ್ಟೇನ್ ಪೆಟ್ರೋಲೂ ಆಯ್ತು. ನಡುಕ ನಿಲ್ಲಲಿಲ್ಲ. ಕೊನೆಗೆ ಬೇರೆ ಮೆಕ್ಯಾನಿಕ್ ಒಬ್ರು ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ತೋರಿಸಿದ್ರು. ಇನ್‌ಟೇಕ್ ವಾಲ್ವ್ ಮೇಲೆಲ್ಲಾ ಸೀದ ಪಾತ್ರೆ ತಳದ ಥರ ಕರಕಲು.

2/5
ಯಾಕೆ ಹೀಗೆ? ಹಳೇ ಪೋರ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್ ವಾಲ್ವ್ ಹಿಂದೆ ಚಿಮ್ಮುತ್ತೆ, ಹೋಗ್ತಾ ಹೋಗ್ತಾ ವಾಲ್ವ್ ತೊಳೆಯುತ್ತೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ (ಕುಶಾಕ್, ವರ್ಟಸ್, ವೆನ್ಯೂ ಟರ್ಬೊ, ಫ್ರಾಂಕ್ಸ್ ಟರ್ಬೊ ಎಲ್ಲ ಇದೇ ಥರ) ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಹೋಗುತ್ತೆ. ವಾಲ್ವ್‌ಗೆ ಆ ಸ್ನಾನ ಸಿಗೋದೇ ಇಲ್ಲ. ಎಂಜಿನ್ ಆಯಿಲ್‌ನ ಆವಿ ವಾಪಸ್ ಇನ್‌ಟೇಕ್‌ಗೆ ಬಂದು ಬಿಸಿ ವಾಲ್ವ್ ಮೇಲೆ ಕೂತು ಸುಟ್ಟು ಗಟ್ಟಿಯಾಗುತ್ತೆ.

ಅಂದ್ಮೇಲೆ ಟ್ಯಾಂಕಿಗೆ ಹಾಕಿದ ಕ್ಲೀನರ್ ವಾಲ್ವ್‌ನ ಮುಟ್ಟೋದಾದ್ರೂ ಹೇಗೆ? ಅದು ಇಂಜೆಕ್ಟರ್‌ಗೆ ಸ್ವಲ್ಪ ಉಪಯೋಗ ಆಗಬಹುದು, ಅಷ್ಟೇ. ಆಕ್ಟೇನ್ ಕೂಡ ನಾಕಿಂಗ್ ತಡೆಯೋ ಶಕ್ತಿಯ ಅಳತೆ, ಸೋಪಲ್ಲ.

3/5
"ಎಲ್ಲಾ ಇ20 ಇಂದ ಮಗಾ" ಅನ್ನೋರಿಗೆ. ಇ20 ಲಾಂಚ್ ಆಗಿದ್ದೇ ನಮ್ಮ ಬೆಂಗಳೂರಲ್ಲಿ, 2023ರ ಫೆಬ್ರವರಿ 6ಕ್ಕೆ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ, ಹಾಗಾಗಿ ಮೈಲೇಜ್ ಬೀಳೋದು ನಿಜ. ಇ10ಗೆ ಟ್ಯೂನ್ ಆದ ಹಳೇ ಕಾರುಗಳಲ್ಲಿ 6ರಿಂದ 7% ಬೀಳಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಅದಕ್ಕೆ ಗ್ರಾಹಕ ಸಿಟ್ಟಾಗೋದು ನ್ಯಾಯ. ಆದ್ರೆ ವಾಲ್ವ್ ಮೇಲಿನ ಕರಕಲು ಬೇರೆ ಲೆಕ್ಕ.

ಪೆಟ್ರೋಲ್ ಮೇಲೆ ಡೌಟ್ ಇದ್ರೆ ಬಂಕಲ್ಲೇ ಫಿಲ್ಟರ್ ಪೇಪರ್ ಕೇಳಿ, ಒಂದು ಹನಿ ಹಾಕಿ. ಆರಿದ ಮೇಲೆ ಕಲೆ ಉಳಿಬಾರದು. ಕೇಳೋದು ನಿಮ್ಮ ಹಕ್ಕು, ನಾಚ್ಕೋಬೇಡಿ.

4/5
ಹಾಗಾದ್ರೆ ಏನ್ಮಾಡ್ಬೇಕು? ಕಂಪನಿ ಹೇಳಿದ ಗ್ರೇಡ್ ಆಯಿಲ್ಲೇ ಹಾಕಿಸಿ. ಕಿಲೋಮೀಟರ್ ಜೊತೆ ತಿಂಗಳೂ ಲೆಕ್ಕ ಇಡಿ. ಚಿಕ್ಕಪ್ಪನ ಕಾರು ದಿನಾ ವಾಟರ್ ಟ್ಯಾಂಕಿಂದ ಜಯನಗರ, ಜಯನಗರದಿಂದ ಮನೆ. ಓಡಿದ್ದು ಕಮ್ಮಿ, ಸಿಗ್ನಲ್‌ನಲ್ಲಿ ನಿಂತಿದ್ದೇ ಜಾಸ್ತಿ. ಎಂಜಿನ್ ಸರಿಯಾಗಿ ಬಿಸಿ ಆಗೋದ್ರೊಳಗೆ ಆಫ್. ಆಯಿಲ್ ಹಾಳಾಗೋಕೆ ಇಷ್ಟು ಸಾಕು.

ಕರಕಲು ಆಗ್ಲೇ ಕಟ್ಟಿದ್ರೆ ಮೊದಲು ಕ್ಯಾಮೆರಾ ಹಾಕಿ ನೋಡಿಸಿ. ಅಕ್ರೋಟ್ ಸಿಪ್ಪೆ ಪುಡಿಯನ್ನ ಗಾಳಿಯ ಒತ್ತಡದಲ್ಲಿ ಹೊಡೆದು ವಾಲ್ವ್ ಕ್ಲೀನ್ ಮಾಡೋ ವಿಧಾನ ಇದೆ. ಚಿಕ್ಕಪ್ಪ ಅದನ್ನೇ ಮಾಡಿಸಿದ್ರು, ನಡುಕ ಹೋಯ್ತು.

5/5
ಅಕೌಂಟ್ಸ್ ಕ್ಲಾಸಲ್ಲಿ ಒಂದು ಪಾಠ ಇದೆ, ಬಿಕಾಂನವರಿಗೆ ನೆನಪಿರುತ್ತೆ. ಖರ್ಚನ್ನ ತಪ್ಪು ಖಾತೆಗೆ ಡೆಬಿಟ್ ಮಾಡಿದ್ರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಿಬಿಡುತ್ತೆ, ತಪ್ಪು ಒಳಗೇ ಕೂತಿರುತ್ತೆ. ಚಿಕ್ಕಪ್ಪ ಪ್ರತಿ ಸಲ ಬಾಟಲಿಗೆ ದುಡ್ಡು ಕೊಟ್ಟಾಗ "ಏನೋ ಮಾಡಿದ್ವಲ್ಲ" ಅಂತ ಸಮಾಧಾನ ಆಗ್ತಿತ್ತು. ಕರಕಲು ಮಾತ್ರ ಬೆಳೀತಾನೇ ಇತ್ತು.

ನನ್ನ ಪ್ರಕಾರ ಶೋರೂಮಲ್ಲಿ ಟರ್ಬೊ, ಟಾರ್ಕ್ ಅಂತ ಹೇಳೋವಾಗ ಈ ಮಾತೂ ಹೇಳ್ಬೇಕು. ನಾವೂ "0–100 ಎಷ್ಟು?" ಅಂತ ಮಾತ್ರ ಕೇಳೋದು ಬಿಡ್ಬೇಕು.

ಮನೇಲಿ ಟರ್ಬೊ ಇದ್ರೆ ಕೊನೇ ಸಲ ಆಯಿಲ್ ಯಾವಾಗ ಚೇಂಜ್ ಆಯ್ತು ಅಂತ ಇವತ್ತೇ ನೋಡಿ, ಕಾಮೆಂಟಲ್ಲಿ ಹೇಳಿ 👇

#ಕತ್ರಿಗುಪ್ಪೆ #ಟರ್ಬೊಕಥೆ #ಬಿಕಾಂಲೆಕ್ಕ