ಸುಲಭದ ದಾರಿಯ ಪರವಾಗಿ ಒಂದು ವಕಾಲತ್ತು

ನಮ್ಮವರಲ್ಲಿ ‘ಸುಲಭ’ ಎನ್ನುವ ಮಾತಿಗೆ ಮರ್ಯಾದೆ ಕಡಿಮೆ. ಪೇಪರ್ ಸುಲಭವಾಗಿತ್ತು ಎಂದರೆ ಬಂದ ಅಂಕಕ್ಕೇ ಬೆಲೆ ಇಲ್ಲ. ಸಿಎ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿದವನಿಗಿಂತ ಆರು ಸಲ ಕೂತು ಪಾಸು ಮಾಡಿದವನ ಕಥೆಯನ್ನೇ ಮದುವೆಮನೆಯಲ್ಲಿ ಹೆಚ್ಚು ಹೇಳುತ್ತಾರೆ. ಕಷ್ಟಪಟ್ಟಿದ್ದೇ ದೊಡ್ಡದು ಎಂಬ ಈ ನಂಬಿಕೆ ಓದಿಗೆ, ಉದ್ಯೋಗಕ್ಕೆ ಒಳ್ಳೆಯದೇ ಇರಬಹುದು. ಆದರೆ ಅದು ನಮ್ಮ ಬೆನ್ನುಹತ್ತಿ ಕಾಡಿನವರೆಗೂ ಬಂದಿದೆ. ನನ್ನ ತಕರಾರು ಅಲ್ಲಿಂದ ಶುರು.

ಮೌಂಟನ್ ಬೈಕಿಂಗ್ ಎಂದ ಕೂಡಲೇ ಜನರ ಕಣ್ಣಿಗೆ ಬರುವುದು ಬಂಡೆಯ ಮೇಲಿಂದ ಸೈಕಲ್ ಸಮೇತ ಹಾರುವ ಹುಡುಗರ ವಿಡಿಯೋ. ‘ಅದೆಲ್ಲ ನಮ್ಮ ವಯಸ್ಸಿಗಲ್ಲ ಸ್ವಾಮಿ’ ಎಂದು ಮಾತು ಮುಗಿಸುತ್ತಾರೆ. ನಿಜಸ್ಥಿತಿ ಬೇರೆ. ಅಮೆರಿಕದಲ್ಲಿ ಈ ಕಾಡುದಾರಿಗಳನ್ನು ಸಾಮಾನ್ಯವಾಗಿ ದರ್ಜೆಗಳಾಗಿ ವಿಂಗಡಿಸಿರುತ್ತಾರೆ. ಹಸಿರು ವೃತ್ತವೆಂದರೆ ಸುಲಭ, ನೀಲಿ ಚೌಕವೆಂದರೆ ಮಧ್ಯಮ, ಕಪ್ಪು ವಜ್ರವೆಂದರೆ ಕಷ್ಟ. ಸ್ಕೀ ಆಟದವರಿಂದ ಬಂದ ಗುರುತುಗಳು ಇವು. ಹಸಿರು ವೃತ್ತದ ದಾರಿ ಅಗಲವಾಗಿರುತ್ತದೆ, ಏರು ನಿಧಾನವಾಗಿರುತ್ತದೆ, ಬೇರು ಕಲ್ಲುಗಳು ಕಡಿಮೆ. ಹೊಟ್ಟೆ ಸ್ವಲ್ಪ ಮುಂದೆ ಬಂದ ನಲವತ್ತೈದರ ಗೃಹಸ್ಥ ಎಂಟು ವರ್ಷದ ಮಗಳ ಜೊತೆ ಹೋಗಬಹುದಾದ ದಾರಿ. ಈ ಲೇಖನ ಆ ಹಸಿರು ವೃತ್ತದ ಪರವಾಗಿ.

ಊರಿನ ಓದುಗರಿಗೆ ಒಂದು ಮಾತು. ಪ್ಲೇನ್ಸ್‌ಬರೋ ಎಂಬುದು ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಡುವೆ, ಪ್ರಿನ್ಸ್‌ಟನ್ ಪಕ್ಕದಲ್ಲಿರುವ ನ್ಯೂಜೆರ್ಸಿಯ ಊರು. ದೋಸೆಹಿಟ್ಟಿಗೂ ಪಂಚಾಂಗಕ್ಕೂ ಇಲ್ಲಿ ತೊಂದರೆಯಿಲ್ಲ. ಪೂರ್ವಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಅಟ್ಲಾಂಟಿಕ್ ಸಮುದ್ರ. ಸಮುದ್ರಕ್ಕೆ ಕೆಲವೇ ಮೈಲಿ ಮೊದಲು ಅಲೇರ್ ಸ್ಟೇಟ್ ಪಾರ್ಕ್ ಸಿಗುತ್ತದೆ. ಪೈನ್ ಮತ್ತು ಓಕ್ ಮರಗಳ ಕಾಡು, ಮರಳು ಮಣ್ಣು, ಮಳೆ ನಿಂತ ಮೇಲೆ ಬೇಗ ಒಣಗುವ ದಾರಿ. ಜೇಮ್ಸ್ ಅಲೇರ್ ಎಂಬ ಉದ್ಯಮಿ 1822ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆ ಕೊಂಡ. ಜೌಗಿನಲ್ಲಿ ಸಿಗುವ ಅದಿರನ್ನು ಕರಗಿಸಲು ಸುತ್ತಲಿನ ಮರಗಳನ್ನು ಕಡಿದು ಇದ್ದಿಲು ಮಾಡುತ್ತಿದ್ದರು. ಇವತ್ತು ನಾವು ಕಾಡು ಎನ್ನುವುದು ಹಾಗೆ ಕಡಿದ ಮೇಲೆ ಮತ್ತೆ ಬೆಳೆದದ್ದು.

ಇನ್ನೂ ಸುಲಭ ಬೇಕೆನ್ನುವವರಿಗೆ ಅಲೇರ್‌ನಿಂದ ಮನಾಸ್ಕ್ವಾನ್ ಎಂಬ ಕಡಲೂರಿನ ಕಡೆಗೆ ಎಡ್ಗರ್ ಫೀಲಿಕ್ಸ್ ಬೈಕ್‌ವೇ ಇದೆ. ಸುಮಾರು ಐದು ಮೈಲಿ, ಡಾಂಬರು ಹಾಕಿದ ದಾರಿ, ಇಬ್ಬದಿಯಲ್ಲೂ ಬಹುತೇಕ ಮರಗಳು. ಅದು ಹಳೆಯ ರೈಲು ಹಾದಿ. ಆ ರೈಲು ಒಂದು ಕಾಲದಲ್ಲಿ ಬರುತ್ತಿದ್ದದ್ದು ನಮ್ಮ ಪಕ್ಕದ ಮಾನ್‌ಮತ್ ಜಂಕ್ಷನ್‌ನಿಂದ! ಉತ್ತರಕ್ಕೆ, ಹೈಲ್ಯಾಂಡ್ಸ್ ಎಂಬ ಕಡಲೂರಿನ ಬಳಿ, ಹಾರ್ಟ್ಸ್‌ಹಾರ್ನ್ ವುಡ್ಸ್ ಇದೆ. ಎರಡನೇ ಮಹಾಯುದ್ಧದಲ್ಲಿ ನ್ಯೂಯಾರ್ಕ್ ಬಂದರಿನ ಕಾವಲಿಗೆ ಅಲ್ಲಿ ಫಿರಂಗಿ ನಿಲ್ಲಿಸಿದ್ದರು. ಆ ಸೇನಾ ಜಾಗದ ರಸ್ತೆಗಳಲ್ಲಿ ಈಗ ಮಕ್ಕಳು ಸೈಕಲ್ ಕಲಿಯುತ್ತಾರೆ. ಬೇಸಿಗೆಯಲ್ಲಿ ಮನಾಸ್ಕ್ವಾನ್ ಮರಳಿನ ಮೇಲೆ ಕೂರಲು ಬ್ಯಾಡ್ಜ್ ಕೊಳ್ಳಬೇಕು. ಆ ಊರಿಗೆ ಹೋಗುವ ಸೈಕಲ್ ದಾರಿಗೆ ಟಿಕೆಟ್ ಇಲ್ಲ.

ಹೀಗಿದ್ದೂ ಈ ದಾರಿಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪ. ನಮ್ಮ ಶನಿವಾರ ಗಣಿತದ ಕ್ಲಾಸಿಗೆ, ಭರತನಾಟ್ಯಕ್ಕೆ, ಈಜಿಗೆ, ಸಂಜೆ ಯಾರದೋ ಮನೆಯ ಹುಟ್ಟುಹಬ್ಬಕ್ಕೆ ಮೀಸಲು. ಗರಾಜಿನಲ್ಲಿ ಮೂರು ನಾಲ್ಕು ಸೈಕಲ್ ನೇತಾಡುತ್ತಿರುತ್ತವೆ, ಟೈರಿನಲ್ಲಿ ಗಾಳಿ ಇರುವುದಿಲ್ಲ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ: ಬಳಸದ ಆಸ್ತಿಗೂ ಸವಕಳಿ ಇದೆ. ಮೊಣಕಾಲಿಗೂ ಹೃದಯಕ್ಕೂ ಈ ನಿಯಮ ಅನ್ವಯಿಸುತ್ತದೆ. ದಕ್ಷಿಣ ಏಷ್ಯಾದ ನಮ್ಮಂಥವರಿಗೆ ಹೃದ್ರೋಗವೂ ಸಕ್ಕರೆ ಕಾಯಿಲೆಯೂ ಉಳಿದವರಿಗಿಂತ ಬೇಗ ಬರುತ್ತವೆ ಎಂದು ವೈದ್ಯರು ಹೇಳುತ್ತಲೇ ಇದ್ದಾರೆ. ನಾವು ಅದನ್ನು ಕೇಳಿಸಿಕೊಂಡು ಬಂದು, ಪಾಟ್‌ಲಕ್ ಊಟದಲ್ಲಿ ಎರಡನೇ ಸಲ ಬಿಸಿಬೇಳೆಭಾತ್ ಬಡಿಸಿಕೊಂಡು, ಮಲೆನಾಡಿನ ಮಳೆಯ ನೆನಪು ತೆಗೆಯುತ್ತೇವೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಎಂದರೆ ಇದೇ.

ಹೊರಡುವ ಕೆಲವರದ್ದು ಇನ್ನೊಂದು ಕಾಯಿಲೆ. ಅವರು ಮೊದಲು ಐದು ಸಾವಿರ ಡಾಲರಿನ ಸೈಕಲ್ ಕೊಳ್ಳುತ್ತಾರೆ. ಮೂಗಿಗಿಂತ ಮೂಗುತಿ ಭಾರ. ಹಸಿರು ವೃತ್ತದ ದಾರಿಗೆ ಬೇಕಾದದ್ದು ಹಲ್ಲಿರುವ ಅಗಲ ಟೈರಿನ ಸಾಧಾರಣ ಸೈಕಲ್, ಸರಿಯಾಗಿ ಹಿಡಿಯುವ ಬ್ರೇಕು, ಹೆಲ್ಮೆಟ್. ನ್ಯೂಜೆರ್ಸಿಯಲ್ಲಿ 17 ವರ್ಷದೊಳಗಿನವರಿಗೆ ಹೆಲ್ಮೆಟ್ ಕಾನೂನಿನಂತೆ ಕಡ್ಡಾಯ, ದೊಡ್ಡವರಿಗೆ ಬುದ್ಧಿ ಇದ್ದರೆ ಕಡ್ಡಾಯ. ಲೈಮ್ ರೋಗ ಹರಡುವ ಉಣ್ಣಿಯ ಭಯ ಸುಳ್ಳಲ್ಲ. ಉದ್ದನೆಯ ಕಾಲುಚೀಲ ಹಾಕಿ, ದಾರಿಯ ನಡುವೆಯೇ ಇದ್ದು, ಮನೆಗೆ ಬಂದ ಕೂಡಲೇ ಮೈ ನೋಡಿಕೊಂಡು ಸ್ನಾನ ಮಾಡಿದರೆ ಆ ಭಯವನ್ನು ಬಹಳಷ್ಟು ಇಳಿಸಬಹುದು.

ಈ ಕಾಡು ಪುಕ್ಕಟೆ ಬಂದದ್ದೂ ಅಲ್ಲ. 1961ರಲ್ಲಿ ನ್ಯೂಜೆರ್ಸಿಯ ಮತದಾರರು ಗ್ರೀನ್ ಏಕರ್ಸ್ ಎಂಬ ಯೋಜನೆಗೆ 6 ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿಗೆ ಕೊಟ್ಟರು. ಜಮೀನು ಬಿಲ್ಡರುಗಳ ಕೈಸೇರುವ ಮೊದಲೇ ಸರ್ಕಾರ ಅದನ್ನು ಕೊಂಡು ಜನರಿಗೆ ಉಳಿಸಬೇಕು ಎಂಬುದು ಅದರ ಉದ್ದೇಶ. ನಮ್ಮ ಮನೆತೆರಿಗೆಯ ಬಿಲ್ಲಿನಲ್ಲಿ ‘ಓಪನ್ ಸ್ಪೇಸ್’ ಎಂಬ ಒಂದು ಸಾಲು ಇದೆ, ನೋಡಿಕೊಳ್ಳಿ. ದೇಶದಲ್ಲೇ ಅತಿ ಹೆಚ್ಚು ಎನ್ನುವ ಮನೆತೆರಿಗೆ ಕಟ್ಟುತ್ತೇವೆ, ಅದನ್ನು ಬೈಯುತ್ತೇವೆ, ಅದರಲ್ಲಿ ನಮಗೆಂದೇ ಕೊಂಡ ಕಾಡಿಗೆ ಮಾತ್ರ ಕಾಲಿಡುವುದಿಲ್ಲ.

ಇದೇ ನಾವು ಡಿಸೆಂಬರಿನಲ್ಲಿ ಮೂರು ವಾರದ ರಜೆಗೆ ಊರಿಗೆ ಹೋದಾಗ ನೋಡಬೇಕು. ಕರಾವಳಿಯ ರೆಸಾರ್ಟಿನಲ್ಲಿ ಡಾಲರ್ ಲೆಕ್ಕದಲ್ಲಿ ಕೋಣೆ ಹಿಡಿದು ‘ಜಿಪ್‌ಲೈನ್ ಇದೆಯಾ, ಆಕ್ಟಿವಿಟಿ ಏನಿದೆ’ ಎಂದು ಕೇಳುವವರು ನಾವೇ. ನಾವು ಕೇಳುವುದನ್ನು ಅವರು ಕಟ್ಟುತ್ತಾರೆ. ಗುಡ್ಡ ಕಡಿದು ಮತ್ತೊಂದು ರೆಸಾರ್ಟ್ ಎದ್ದರೆ ಅದರ ಗಿರಾಕಿಗಳ ಪಟ್ಟಿಯಲ್ಲಿ ನಮ್ಮ ಹೆಸರೂ ಇರುತ್ತದೆ. ಹಾಗಾಗಿ ಊರಿನ ಕಾಡಿನ ವಿಷಯದಲ್ಲಿ ಬಾಯಿ ಹಾಕಲು ನಮಗೇನು ಹಕ್ಕು ಎಂದು ಯಾರೂ ಕೇಳಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿ ಕಾಡು ಇಬ್ಬರ ಪಾಲಾಗುತ್ತಿದೆ. ಒಬ್ಬ ದುಡ್ಡಿರುವ ಅತಿಥಿ, ಇನ್ನೊಬ್ಬ ಕಾಲಿನಲ್ಲಿ ಕಸುವಿರುವ ಚಾರಣಿಗ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಸುದ್ದಿ ಎಲ್ಲರೂ ನೋಡಿದ್ದೇವೆ. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ಸರ್ಕಾರ ತಡೆ ಹಾಕಿತು. ತಡೆ ಹಾಕಿದ್ದು ಸರಿ. ಆದರೆ ಎಲ್ಲರೂ ಒಂದೇ ಬೆಟ್ಟಕ್ಕೆ ಏಕೆ ಓಡುತ್ತಾರೆ? ತಮ್ಮ ಊರಿನ ಅಂಚಿನಲ್ಲೇ ಎರಡು ಗಂಟೆ ಮರದ ನೆರಳಲ್ಲಿ ಸುತ್ತಿ ಬರುವ, ಗುರುತು ಹಾಕಿದ ಸುಲಭದ ದಾರಿ ಎಷ್ಟು ಜನಕ್ಕೆ ಸಿಗುತ್ತದೆ?

ಸೈಕಲ್ ನಮಗೇನೂ ಹೊಸತಲ್ಲ. 2006-07ರಿಂದ ಹಲವು ವರ್ಷ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಬಿಡದಂತೆ ನೋಡಿಕೊಂಡ ಒಳ್ಳೆಯ ಯೋಜನೆ ಅದು. ಸೈಕಲ್ ಕೊಟ್ಟೆವು, ಅದನ್ನು ಹೆದರಿಕೆಯಿಲ್ಲದೆ ಓಡಿಸುವ ದಾರಿ ಕೊಡಲಿಲ್ಲ. ಕರಾವಳಿಯ ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ಮಗುವನ್ನು ಸೈಕಲ್ ಮೇಲೆ ಕಳಿಸುವ ಧೈರ್ಯ ಯಾವ ತಾಯಿಗಿದೆ?

ಜಾಗವಿಲ್ಲ ಎನ್ನಬೇಡಿ. ದಟ್ಟ ಕಾಡಿನ ಒಳಗೆ ದಾರಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಕರಾವಳಿಯ ಊರುಗಳ ಅಂಚಿನಲ್ಲಿ ಅರಣ್ಯ ಇಲಾಖೆ ಬೆಳೆಸಿದ ಅಕೇಶಿಯಾ ನೆಡುತೋಪುಗಳಿವೆ. ದಕ್ಷಿಣ ಕನ್ನಡದವರು ಪದವು ಎನ್ನುವ ಮುರಕಲ್ಲಿನ ಬಯಲುಗಳಿವೆ. ಅಲ್ಲಿ ದನ ಕಾಯುವವರ, ದರಕು ಗುಡಿಸುವವರ ಕಾಲುದಾರಿಗಳು ಈಗಾಗಲೇ ಇವೆ. ಅವರ ಓಡಾಟಕ್ಕೆ ಅಡ್ಡಿಯಾಗದಂತೆ ಅವನ್ನೇ ಜೋಡಿಸಿ ಗುರುತು ಹಾಕಿದರೆ ಸಾಕು. ಕಡಿದ ಮೇಲೆ ಬೆಳೆದ ಅಲೇರ್ ಕಾಡಿಗೂ ಈ ನೆಡುತೋಪಿಗೂ ನೆಂಟಸ್ತಿಕೆ ಇದೆ.

ಮಣ್ಣು ಕೊಚ್ಚಿಹೋಗುತ್ತದೆ ಎನ್ನುವ ಆಕ್ಷೇಪಕ್ಕೆ ದಾರಿ ಮಾಡುವವರಲ್ಲಿ ಉತ್ತರವಿದೆ. ದಾರಿಯ ಏರು, ಅದು ಸಾಗುವ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಒಟ್ಟಾರೆ ಸರಾಸರಿ ಶೇಕಡ 10ನ್ನು ಮೀರಬಾರದು. ದಾರಿ ಹೊರಬದಿಗೆ ಕೊಂಚ ವಾಲಿರಬೇಕು. ಆಗ ನೀರು ದಾರಿಯುದ್ದಕ್ಕೂ ಹರಿಯದೆ ಅಡ್ಡ ದಾಟಿ ಹೋಗುತ್ತದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದ ಕೈಗಳಿಗೆ ಇದನ್ನು ಅಮೆರಿಕದವರು ಹೇಳಿಕೊಡಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿ ಮುಚ್ಚಿಬಿಡಿ, ಮಳೆಗಾಲ ಕಾಡಿನದೇ ಆಗಿರಲಿ. ಹಗಲು ಮಾತ್ರ ಬಿಡಿ, ಚಿರತೆಗೆ ರಾತ್ರಿ ಬಿಟ್ಟುಕೊಡಿ. ಮೋಟಾರು ಬೈಕು ನುಗ್ಗದಂತೆ ಬಾಯಲ್ಲಿ ಕಲ್ಲುಕಂಬ ನೆಡಿ. ಇಲ್ಲಿಯೂ ಎಲ್ಲ ಕಾಡಿಗೆ ಸೈಕಲ್ ಬಿಡುವುದಿಲ್ಲ. ಬಿಟ್ಟ ಕಡೆಯೂ ಸೈಕಲ್ಲಿನವನು ನಡೆಯುವವರಿಗೆ ದಾರಿ ಕೊಟ್ಟು ನಿಲ್ಲಬೇಕು.

‘ನಮ್ಮ ಇಲಾಖೆಗಳಿಂದ ಇದಾಗುತ್ತದೆಯೇ’ ಎಂದು ನಗುವವರು ಹೊನ್ನಾವರಕ್ಕೆ ಹೋಗಿ ಬರಲಿ. ಶರಾವತಿಯ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ನಡೆದಾರಿ ಇದೆ. ಅಜ್ಜಿಯೂ ಮೊಮ್ಮಗುವೂ ಕೈಹಿಡಿದು ನಡೆಯುತ್ತಾರೆ. ಪಕ್ಕದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಮನಸ್ಸು ಮಾಡಿದರೆ ನಮ್ಮವರಿಗೆ ಬರುತ್ತದೆ. ಕೇಳುವವರು ಬೇಕು ಅಷ್ಟೇ.

ಆದ್ದರಿಂದ ಅನಿವಾಸಿ ಬಂಧುಗಳಲ್ಲಿ ಎರಡು ಮಾತು. ಮುಂದಿನ ಸಲ ಊರಿನ ಶಾಲೆಗೆ ದೇಣಿಗೆ ಕೊಡುವಾಗ, ಗೋಡೆಯ ಮೇಲೆ ಹೆಸರು ಕೆತ್ತಿಸುವ ಬದಲು, ಆ ಊರಿನ ಮಕ್ಕಳು ಸೈಕಲ್ ಬಿಡಲು ದಾರಿ ಎಲ್ಲಿದೆ ಎಂದು ಪಂಚಾಯಿತಿಯನ್ನೂ ಅರಣ್ಯ ಇಲಾಖೆಯನ್ನೂ ಬರವಣಿಗೆಯಲ್ಲಿ ಕೇಳಿ. ಈ ಶನಿವಾರ ಒಂದು ಕ್ಲಾಸು ತಪ್ಪಿಸಿ, ಟೈರಿಗೆ ಗಾಳಿ ಹೊಡೆಯಿರಿ, ಡಬ್ಬಿಗೆ ಮೊಸರನ್ನ ಹಾಕಿಕೊಂಡು ಅಲೇರ್ ಕಡೆ ಹೊರಡಿ. ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದರೆ ಲೆಕ್ಕ ಹೇಳಿಕೊಡಲು ನಾನಿದ್ದೇನೆ.