ಹಿಡಿಯ ತಪ್ಪಿಗೆ ಕೈಗೆ ಶಿಕ್ಷೆ

"ಇನ್ನು ಕೈತೋಟದ ಗೀಳು ಸಾಕು, ಆಳನ್ನಿಟ್ಟುಕೊಳ್ಳಿ" ಎಂಬ ಹಿತವಚನ ಬೆರಳ ಗಂಟುಗಳು ಊದಿದ ವೃದ್ಧರಿಗೆಲ್ಲ ಪರಿಚಿತವೇ. ಹೇಳುವವರ ಅಕ್ಕರೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಆ ತೀರ್ಪು ಅನ್ಯಾಯದ್ದು. ಕಣ್ಣು ಮಂಜಾದರೆ ಓದು ಬಿಡಿ ಎನ್ನದೆ ಕನ್ನಡಕ ಕೊಡಿಸುವ ನಾವು, ಕೈ ಸೋತಾಗ ಮಾತ್ರ ಕೆಲಸವನ್ನೇ ಕಸಿದುಕೊಳ್ಳುವುದೇಕೆ? ಉರಿಯೂತ ಏರಿದ ದಿನ ವಿಶ್ರಾಂತಿ ಬೇಕು, ಒಪ್ಪುತ್ತೇನೆ. ಉಳಿದ ದಿನಗಳ ಮಾತೇನು?

ದೋಷ ಹಲವು ವೇಳೆ ಉಪಕರಣದ್ದು. ನಮ್ಮ ಅಂಗಡಿಗಳ ಕುರ್ಪಿಯ ಹಿಡಿ ಹೆಚ್ಚಾಗಿ ಸಪೂರ, ನುಣುಪು. ಅದು ಜಾರದಿರಲು ಬೆರಳುಗಳನ್ನು ಬಿಗಿಯಾಗಿ ಮಡಚಬೇಕು. ನೊಂದ ಕೀಲಿಗೆ ಆ ಬಿಗಿತವೇ ಶತ್ರು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ 2004ರ ಕೈಪಿಡಿಯು ಬಲ ಹಾಕುವ ಕೆಲಸಕ್ಕೆ ಸುಮಾರು 3ರಿಂದ 5 ಸೆಂಟಿಮೀಟರ್ ವ್ಯಾಸದ ಹಿಡಿಯನ್ನು ಸೂಚಿಸುತ್ತದೆ. ಬ್ರಿಟನ್ನಿನ ಪೇಟಾ ಈಸಿ-ಗ್ರಿಪ್ ಸಲಿಕೆಗಳಲ್ಲಿ ಹಿಡಿಯು ಅಲಗಿಗೆ ಲಂಬವಾಗಿ ನಿಂತಿರುವುದರಿಂದ ಮಣಿಕಟ್ಟು ತಿರುಚಬೇಕಿಲ್ಲ. ಮುಂಗೈಗೆ ತೊಡಿಸುವ ಆಸರೆಯೊಂದನ್ನು ಜೋಡಿಸಿದರೆ ಬೆರಳಿನ ಭಾರವನ್ನು ತೋಳು ಹೊರುತ್ತದೆ. ರ‍್ಯಾಚೆಟ್ ಕತ್ತರಿಯಂತೂ ರೆಂಬೆಯನ್ನು ಒಂದೇ ಅದುಮಿಗೆ ತುಂಡರಿಸುವ ಹಠ ಹಿಡಿಯದು. ಅದುಮಿ, ಬಿಟ್ಟು, ಮತ್ತೆ ಅದುಮಿದಂತೆ ಹಂತಹಂತವಾಗಿ ಕಚ್ಚುತ್ತಾ ಹೋಗುತ್ತದೆ.

ಇಂಥವು ರೋಗಿಗಳ ಸರಕು, ವ್ಯಾಪಾರಕ್ಕಾಗದು ಎಂಬ ವಾದ ಸುಳ್ಳೆಂದು ಅಡುಗೆಮನೆ ಎಂದೋ ತೋರಿಸಿದೆ. ಸಂಧಿವಾತದ ಪತ್ನಿ ಸಿಪ್ಪೆ ಹೆರೆಯಲು ಪಡುತ್ತಿದ್ದ ಪಾಡನ್ನು ಕಂಡು ಸ್ಯಾಮ್ ಫಾರ್ಬರ್ ಎಂಬ ಅಮೆರಿಕನ್ ಉದ್ಯಮಿ ದಪ್ಪ, ಮೆತ್ತನೆಯ ಹಿಡಿಗಳ ಆಕ್ಸೊ ಗುಡ್ ಗ್ರಿಪ್ಸ್ ಸಾಧನಗಳನ್ನು 1990ರಲ್ಲಿ ಮಾರುಕಟ್ಟೆಗೆ ತಂದರು. ಆರೋಗ್ಯವಂತರೂ ಮುಗಿಬಿದ್ದು ಕೊಂಡರು.

ನಮ್ಮ ಸರ್ಕಾರವೂ ವೃದ್ಧರನ್ನು ಮರೆತಿಲ್ಲ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯು ಬಡ ಹಿರಿಯರಿಗೆ ಊರುಗೋಲು, ಕನ್ನಡಕ, ಶ್ರವಣಸಾಧನ, ಕೃತಕ ದಂತಗಳನ್ನು ಒದಗಿಸುವಂಥದು. ನಡೆಯಲು, ನೋಡಲು, ಕೇಳಲು, ಅಗಿಯಲು ನೆರವುಂಟು. ಮಣ್ಣು ಕೆದಕುವ ಕೈಯ ನೆನಪು ಯಾರಿಗೂ ಆದಂತಿಲ್ಲ! ವೃದ್ಧರು ಉಣ್ಣುವವರೇ ಹೊರತು ಬೆಳೆಯುವವರಲ್ಲ ಎಂಬ ಭಾವನೆಯೇ ಇದರ ಬೇರೆಂದು ನನ್ನ ಅಭಿಪ್ರಾಯ.

ಪರಿಹಾರ ದುಬಾರಿಯೂ ಅಲ್ಲ. ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಹಿಡಿಗೆ ಬಿಗಿಯಾಗಿ ಸುತ್ತಿದರೆ ಅರ್ಧ ಕಷ್ಟ ಕಳೆಯಿತು. ಉಳಿದರ್ಧ ಕಮ್ಮಾರ, ಬಡಗಿಗಳ ಕೈಯಲ್ಲಿದೆ. ನನ್ನ ತರಗತಿಯಲ್ಲಿ ಕುಳಿತು ಈಗ ಎಂಜಿನಿಯರುಗಳಾಗಿರುವ ನಿಮ್ಮ ಕೈಯಲ್ಲೂ ಇದೆ. ಅಷ್ಟಾಗದವರು ಒಂದು ಉಪಕಾರ ಮಾಡಿ: ಮುಂದಿನ ಸಲ ಬರುವಾಗ ಶಾಲು ತರಬೇಡಿ, ಮನೆಯಲ್ಲಿ ಈಗಾಗಲೇ 17 ಇವೆ. ರ‍್ಯಾಚೆಟ್ ಕತ್ತರಿಯೊಂದನ್ನು ತನ್ನಿ.